ಲಿಫ್ಟ್ ಮಾಡಿಸಿದ ಗಾಡಿಗೆ ಕಂಟ್ರೋಲ್ ಆರ್ಮ್ ಬದಲಿಸುವ ಬಗೆ

ಗಾಡಿಗೆ ಎರಡಿಂಚು ಲಿಫ್ಟ್ (ಸಸ್ಪೆನ್ಷನ್ ಎತ್ತರಿಸುವ ಕಿಟ್) ಹಾಕಿಸಿ ಕೆಲವು ತಿಂಗಳು ಕಳೆದ ಮೇಲೆ ಮುಂದಿನ ಚಕ್ರದ ಹತ್ತಿರ 'ಕಟ್ ಕಟ್' ಸದ್ದು ಶುರುವಾಗುವುದು ಮಾಮೂಲು. ಬಡಾವಣೆಯ ಹಂಪ್ ಇಳಿಯುವಾಗ ಜೋರು, ಬೆಂಗಳೂರಿನ ನುಣುಪಾದ ನೈಸ್ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ 'ಆರ್ಮ್ ಹೋಗಿದೆ ಸಾರ್, ಎರಡೂ ಕಡೆ ಚೇಂಜ್ ಮಾಡ್ಬಿಡೋಣ' ಎನ್ನುತ್ತಾರೆ. ಚೇಂಜ್ ಆಗುತ್ತದೆ, ಸದ್ದು ನಿಲ್ಲುತ್ತದೆ, ಮುಂದಿನ ಮಳೆಗಾಲ ಬರುವುದರೊಳಗೆ ಮತ್ತೆ ಹಾಜರ್. ಹೀಗಾದಾಗ ಜನ ಪಾರ್ಟ್ ಡೂಪ್ಲಿಕೇಟ್ ಎಂದು ಬೈಯುತ್ತಾರೆ. ಬಹುಪಾಲು ಸಲ ಪಾರ್ಟ್ ಸರಿಯಾಗಿಯೇ ಇರುತ್ತದೆ. ಬೋಲ್ಟನ್ನು ಯಾವ ಎತ್ತರದಲ್ಲಿ ಬಿಗಿ ಮಾಡಿದರು ಎನ್ನುವುದರಲ್ಲೇ ಎಡವಟ್ಟು.

ಕಂಟ್ರೋಲ್ ಆರ್ಮ್ ಅಂದರೆ ಚಕ್ರದ ಭಾಗವನ್ನು ಛಾಸಿಗೆ ಸೇರಿಸುವ, ಮೇಲೆ ಕೆಳಗೆ ಆಡುವ ತೋಳು. ಚಕ್ರದ ಕಡೆ ಅದಕ್ಕೆ ಬಾಲ್ ಜಾಯಿಂಟ್ ಎಂಬ ಗುಂಡುಕೀಲು, ಛಾಸಿ ಕಡೆ ರಬ್ಬರ್ ಬುಶ್ ಇರುತ್ತದೆ. ಅದರ ಒಳಗಿನ ಕಬ್ಬಿಣದ ಸ್ಲೀವನ್ನು ಬೋಲ್ಟು ಬ್ರಾಕೆಟ್‌ಗೆ ಕಚ್ಚಿ ಹಿಡಿಯುತ್ತದೆ. ಹೊರಗಿನ ಬಳೆ ಆರ್ಮ್‌ಗೆ ಕಚ್ಚಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ತಿರುಚಿಕೊಂಡು ವಾಪಸ್ ಬರಬೇಕು, ಸ್ಲೀವ್ ಜಾರಬಾರದು. ಅಂದರೆ ಬೋಲ್ಟ್ ಬಿಗಿಯಾದ ಗಳಿಗೆಯಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿಗೆ ವಿಶ್ರಾಂತಿಯ ಜಾಗ. ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಇರುತ್ತದೆ. ಲಿಫ್ಟ್ ಹಾಕಿದವರು ಆರ್ಮ್ ಬೋಲ್ಟುಗಳನ್ನು ಮುಟ್ಟದೆ ಬಿಟ್ಟಿದ್ದರೂ ಇದೇ ಕಥೆ: ರಬ್ಬರಿನ ವಿಶ್ರಾಂತಿ ಹಳೆಯ ಎತ್ತರದಲ್ಲಿ, ಗಾಡಿ ಹೊಸ ಎತ್ತರದಲ್ಲಿ.

ಆದ್ದರಿಂದ ಇಡೀ ಕೆಲಸ ಒಂದು ಅಳತೆಯ ಸುತ್ತ ನಡೆಯುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನವರೆಗೆ ಎಷ್ಟು ಮಿಲಿಮೀಟರ್? ಸಮತಟ್ಟು ನೆಲದಲ್ಲಿ, ಸರಿಯಾದ ಟೈರ್ ಗಾಳಿಯಲ್ಲಿ, ದಿನನಿತ್ಯ ಗಾಡಿಯಲ್ಲಿರುವ ಸಾಮಾನೆಲ್ಲ ಇದ್ದಂತೆ ನಾಲ್ಕೂ ಚಕ್ರಗಳಿಗೆ ಅಳೆದು, ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಫೆಂಡರಿಗೇ ಅಂಟಿಸಿ. ನೆಲದಿಂದ ಅಳೆಯಬೇಡಿ, ಟೈರ್ ಸೈಜು ಬದಲಾದರೆ ಆ ಲೆಕ್ಕ ಕೆಡುತ್ತದೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಎತ್ತರ ಕಂಪನಿಯ ಸ್ಪ್ರಿಂಗಿಗೆ ಮಾತ್ರ. ನಿಮ್ಮ ಗಾಡಿಗೆ ನಿಮ್ಮ ಟೇಪಿನ ಮೇಲಿನ ಅಂಕಿಯೇ ಲೆಕ್ಕ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಮುಂದೆ ಮೇಲೊಂದು ಕೆಳಗೊಂದು ಆರ್ಮ್ ಇದ್ದು, ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಾಗಿರುವ ಗಾಡಿಗಳ ಬಗ್ಗೆ. 2020ರ ನಂತರದ ಥಾರ್, ಫಾರ್ಚೂನರ್ ಈ ಜಾತಿಯವು. ಜಿಮ್ನಿಯ ವಿಚಾರವೇ ಬೇರೆ, ಅದು ಆಮೇಲೆ. 2020ಕ್ಕೆ ಮುಂಚಿನ ಥಾರ್ ಸಿಆರ್‌ಡಿಇಯಲ್ಲಿ ಮುಂದೆ ಇರುವುದು ಟಾರ್ಷನ್ ಬಾರ್ (ಸುರುಳಿ ಸ್ಪ್ರಿಂಗ್ ಬದಲು ತಿರುಚಿಕೊಂಡು ಭಾರ ಹೊರುವ ಸರಳು). ಅದರ ಬಿಗಿಯನ್ನು ಪೂರ್ತಿ ಇಳಿಸದೆ ಆರ್ಮ್ ಬೋಲ್ಟ್ ಮುಟ್ಟುವಂತಿಲ್ಲ, ಆ ಕೆಲಸಕ್ಕೆ ಈ ಲೇಖನ ಸಾಲದು.

ಆರ್ಮ್ ನಿಜಕ್ಕೂ ಹೋಗಿದೆಯೇ?

ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಕೆಳ ಆರ್ಮ್‌ನ ಹೊರ ತುದಿಯ ಹತ್ತಿರ ಜಾಕ್ ಕೊಟ್ಟು ಸ್ವಲ್ಪ ಎತ್ತಿ, ಬಾಲ್ ಜಾಯಿಂಟಿನ ಮೇಲಿನ ಒತ್ತಡ ಇಳಿಯಲಿ. ಈಗ ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಸಡಿಲ ಆಟ ಸಿಕ್ಕರೆ ಒಬ್ಬರನ್ನು ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಆಟ ಮಾಯವಾದರೆ ಅದು ವೀಲ್ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಟೈ ರಾಡ್ ಎಂಡ್ ನೋಡಿ.

ಬುಶ್‌ಗೆ ಟಾರ್ಚ್ ಬಿಟ್ಟು ನೋಡಿ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ವಯಸ್ಸಿನದು, ಅದಕ್ಕೆ ಹೆದರಬೇಡಿ. ರಬ್ಬರ್ ಸ್ಲೀವ್‌ನಿಂದ ಬಿಟ್ಟುಕೊಂಡಿದ್ದರೆ, ಅಥವಾ ಸನ್ನೆಕೋಲು ಹಾಕಿ ಒತ್ತಿದಾಗ ಸ್ಲೀವ್ ಒಂದು ಬದಿಗೆ ವಾಲಿ ಅಲ್ಲೇ ಉಳಿದರೆ ಬುಶ್ ಮುಗಿದಿದೆ.

ರಬ್ಬರ್ ಹರಿದಿಲ್ಲ, ಬಾಲ್ ಜಾಯಿಂಟಲ್ಲೂ ಆಟವಿಲ್ಲ ಎಂದಾದರೆ ದುಡ್ಡು ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಆರ್ಮ್‌ಗಳ ಛಾಸಿ ಕಡೆಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ. ಕೆಳ ಆರ್ಮ್‌ನದು ಕ್ಯಾಮ್ ಬೋಲ್ಟ್ (ತಿರುಗಿಸಿ ಚಕ್ರದ ಕೋನ ಹೊಂದಿಸುವ ಬೋಲ್ಟ್) ಆಗಿದ್ದರೆ ಮೊದಲು ಅದರ ಜಾಗಕ್ಕೆ ಗುರುತು ಹಾಕಿಕೊಳ್ಳಿ. ತಿರುಚಿಕೊಂಡಿದ್ದ ಬುಶ್ ಆದರೆ 'ಠಕ್' ಎಂದು ಬಿಡಿಸಿಕೊಳ್ಳುವುದು ಕೈಗೇ ತಿಳಿಯುತ್ತದೆ. ಬಂಪರ್ ಒತ್ತಿ ನಾಲ್ಕು ಸಲ ಕುಲುಕಿ, ಅದೇ ಎತ್ತರದಲ್ಲಿ ಮತ್ತೆ ಟಾರ್ಕ್ ಕೊಡಿ (ನಿಗದಿತ ಬಲಕ್ಕೆ ಬಿಗಿಯಿರಿ), ಅಲೈನ್‌ಮೆಂಟ್ ಮಾಡಿಸಿ. ಎಷ್ಟೋ 'ಹೋದ ಆರ್ಮ್‌ಗಳು' ಇಷ್ಟಕ್ಕೇ ಸರಿಹೋಗುತ್ತವೆ.

ಬುಶ್, ಜಾಯಿಂಟ್ ಚೆನ್ನಾಗಿದ್ದರೂ ಮೇಲಿನ ಆರ್ಮ್ ಬದಲಿಸಲೇಬೇಕಾದ ಸಂದರ್ಭ ಮೂರು. ಒಂದು, ಚಕ್ರ ಪೂರ್ತಿ ಕೆಳಗಿಳಿದಾಗ ಬಾಲ್ ಜಾಯಿಂಟಿನ ಕಡ್ಡಿ ಬಟ್ಟಲಿನ ಅಂಚಿಗೆ ತಾಗುತ್ತಿದೆ. ಬೂಟ್ ಒಂದೇ ಕಡೆ ನಜ್ಜಾಗಿರುವುದು ಇದರ ಗುರುತು. ಎರಡು, ಆರ್ಮ್ ಕೆಳಗಿಳಿದಾಗ ಸ್ಪ್ರಿಂಗಿಗೋ ಅದರ ಬಟ್ಟಲಿಗೋ ತಾಗುತ್ತಿದೆ. ಪೇಂಟ್ ಸವೆದು ಹೊಳೆಯುವ ಕಬ್ಬಿಣ ಕಾಣುತ್ತದೆ. ಮೂರು, ಅಲೈನ್‌ಮೆಂಟ್‌ನಲ್ಲಿ ಎಷ್ಟು ಹೆಣಗಾಡಿದರೂ ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಮಿತಿಯೊಳಗೆ ಬರುತ್ತಿಲ್ಲ. ಲಿಫ್ಟ್ ಆದ ಗಾಡಿಯಲ್ಲಿ ಕ್ಯಾಸ್ಟರ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದು, ವೇಗದಲ್ಲಿ ಗಾಡಿ ಆಕಡೆ ಈಕಡೆ ಅಲೆಯುತ್ತದೆ. ಲಿಫ್ಟ್‌ಗೆಂದೇ ಮಾಡಿದ ಮೇಲಿನ ಆರ್ಮ್‌ಗಳು ಬಾಲ್ ಜಾಯಿಂಟಿನ ಜಾಗವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಜಾಯಿಂಟಿಗೆ ಹೆಚ್ಚು ಕೋನ ಕೊಟ್ಟು ಇದನ್ನು ಸರಿಪಡಿಸುತ್ತವೆ.

ಇನ್ನೊಂದು ಲೆಕ್ಕ ನೆನಪಿರಲಿ. ಶಾಕ್ ಕೂರುವುದು ಕೆಳ ಆರ್ಮ್‌ನ ತುದಿಯಲ್ಲಲ್ಲ, ಒಳಗಡೆ. ಹಾಗಾಗಿ ಶಾಕ್ ತಲೆಯ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಹೆಚ್ಚೂಕಡಿಮೆ ಅದರ ದುಪ್ಪಟ್ಟು ಎತ್ತರ ಬರುತ್ತದೆ. 'ಒಂದಿಂಚು ಸ್ಪೇಸರ್ ತಾನೆ, ಆರ್ಮ್‌ಗೆ ಏನಾಗುತ್ತೆ' ಎನ್ನುವ ಮಾತು ನಂಬಬೇಡಿ.

ಸಾಮಾನು

ಆರ್ಮ್‌ಗಳನ್ನು ಜೋಡಿಯಾಗಿಯೇ ತೆಗೆದುಕೊಳ್ಳಿ. ಕಂಪನಿ ಆರ್ಮ್ ಸಾಕೆಂದರೆ ಡೀಲರ್ ಕೌಂಟರಿನಲ್ಲಿ ಛಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಆಮೇಲೆ ಬೇಕಾದರೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅದೇ ನಂಬರಿಗೆ ಬೆಲೆ ಕೇಳಿ. ಅಂಗಡಿಯಲ್ಲಿ ಬಾಕ್ಸ್ ಬಿಚ್ಚಿಸಿ ನೋಡುವುದರಲ್ಲಿ ಸಂಕೋಚ ಬೇಡ. ಬಾಲ್ ಜಾಯಿಂಟಿನ ಕಡ್ಡಿ ಬೆರಳಲ್ಲಿ ಬಿಗಿಯಾಗಿ, ಆದರೆ ಎಲ್ಲೂ ತಡೆಯದೆ ತಿರುಗಬೇಕು. ವೆಲ್ಡಿಂಗ್ ಇರುವ ಆರ್ಮ್ ಆದರೆ ವೆಲ್ಡ್ ಅಂಚಿನಲ್ಲಿ ಗುಳಿ ಬಿದ್ದಿರಬಾರದು, ಸುತ್ತ ಸಮವಾಗಿರಬೇಕು. ಬಗ್ಗಿದ ಹಳೆಯ ಆರ್ಮನ್ನು ಗ್ಯಾಸ್ ಹಚ್ಚಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡವೇ ಬೇಡ. ಕಾಯಿಸಿದ ಉಕ್ಕಿನ ಬಲ ಕಣ್ಣಿಗೆ ಕಾಣುವುದಿಲ್ಲ, ಅದು ಮುರಿಯುವುದು ಬ್ರೇಕ್ ಒತ್ತಿದಾಗಲೇ.

ಬುಶ್ ಮಾತ್ರ ಬದಲಿಸುವುದಾದರೆ ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ಕೊಡಿ. ಪೀಣ್ಯದ ಕಡೆ ಇಂಥ ವರ್ಕ್‌ಶಾಪುಗಳಿಗೆ ಬರವಿಲ್ಲ. ಹಳೆಯ ಬುಶ್ ತೆಗೆಯುವ ಮೊದಲು ಅದರ ರಬ್ಬರಿನ ಕಂಡಿಗಳು ಯಾವ ದಿಕ್ಕಿಗಿವೆ ಎಂದು ಆರ್ಮ್ ಮೇಲೆ ಪೇಂಟಿನಲ್ಲಿ ಗುರುತು ಮಾಡಿ. ದಿಕ್ಕು ತಪ್ಪಿ ಒತ್ತಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹೊಸ ಸ್ಪ್ಲಿಟ್ ಪಿನ್, ಹೊಸ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಮೊದಲೇ ತಂದಿಟ್ಟುಕೊಳ್ಳಿ. ಮ್ಯಾನ್ಯುಯಲ್ 'ಮತ್ತೆ ಬಳಸಬೇಡಿ' ಎಂದ ಬೋಲ್ಟುಗಳೂ ಅದೇ ಪಟ್ಟಿಗೆ. ಒಂದು ಬೋಲ್ಟ್ ಕೆಟ್ಟಿತೆಂದು ಎಸ್.ಜೆ.ಪಿ. ರಸ್ತೆಗೆ ಹೋದರೆ ಉದ್ದ, ದಪ್ಪ ಹೊಂದಿದರೆ ಸಾಕು ಎಂದುಕೊಳ್ಳಬೇಡಿ. ಹಳೆಯದರ ತಲೆಯ ಮೇಲೆ 10.9 (ಬೋಲ್ಟಿನ ಬಲದ ದರ್ಜೆ) ಎಂದಿದ್ದರೆ ಹೊಸದರ ಮೇಲೂ 10.9 ಇರಬೇಕು, 8.8 ನಡೆಯದು. ಹಳೆಯದರಲ್ಲಿ ಮರೆ (ಥ್ರೆಡ್) ಇಲ್ಲದ ನುಣುಪು ಭಾಗ ಎಷ್ಟುದ್ದ ಇತ್ತೋ ಹೊಸದರಲ್ಲೂ ಅಷ್ಟೇ ಇರಬೇಕು. ತಲೆಯವರೆಗೂ ಮರೆ ಇರುವ ಬೋಲ್ಟ್ ಹಾಕಿದರೆ ಆ ಮರೆಯ ಹಲ್ಲುಗಳು ಬ್ರಾಕೆಟ್ ತೂತನ್ನು ಅರದ ಕೆಲಸ ಮಾಡಿ ದೊಡ್ಡದಾಗಿಸುತ್ತವೆ.

ಟೂಲ್‌ಗಳಲ್ಲಿ 17ರಿಂದ 24ರವರೆಗಿನ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್, ಉದ್ದನೆಯ ಬ್ರೇಕರ್ ಬಾರ್, 200 ನ್ಯೂಟನ್ ಮೀಟರ್‌ವರೆಗೆ ಹೋಗುವ ಅರ್ಧ ಇಂಚಿನ ಟಾರ್ಕ್ ರೆಂಚ್, ಬಾಲ್ ಜಾಯಿಂಟ್ ಪುಲ್ಲರ್, ತಂತಿ ಬ್ರಷ್, ಡಬ್ಲ್ಯೂಡಿ-40, ಬಿಳಿ ಪೇಂಟ್ ಮಾರ್ಕರ್, ಗಟ್ಟಿ ಹಗ್ಗ ಅಥವಾ ರಾಟ್ಚೆಟ್ ಪಟ್ಟಿ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಯಾವ ಬೋಲ್ಟಿಗೆ ಎಷ್ಟು ಎಂಬುದನ್ನು ನಿಮ್ಮ ಮಾಡೆಲ್, ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆಯಿರಿ. ಬೇರೆಯಾರದೋ ಗಾಡಿಯ ಅಂಕಿ ಬೇಡ. ಓದಿದ ಅಂಕಿ ಸರಿಯೇ ಎಂದು ಅಂದಾಜು ಹಿಡಿಯಲು ಮಾತ್ರ: 10.9 ದರ್ಜೆಯ 12 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 110ರಿಂದ 125, 14 ಮಿ.ಮೀ.ಗೆ 180ರಿಂದ 200 ನ್ಯೂಟನ್ ಮೀಟರ್. ಇದು ಒಣ ಮರೆಗೆ. ಗ್ರೀಸ್ ಹಚ್ಚಿ ಅದೇ ಅಂಕಿಗೆ ಬಿಗಿದರೆ ಬೋಲ್ಟ್ ಮಿತಿಮೀರಿ ಎಳೆದುಕೊಳ್ಳುತ್ತದೆ.

ನೆಲ ಮತ್ತು ಜಾಕ್

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು, ಚರಂಡಿ ಜಾಲರಿಯ ಮೇಲೆ, ಮನೆ ಮುಂದಿನ ರಸ್ತೆಯ ವಾಲು ಇವೆಲ್ಲ ಬೇಡ. ಸಮತಟ್ಟು ಕಾಂಕ್ರೀಟ್ ಬೇಕು. ಇಂಟರ್‌ಲಾಕ್ ಟೈಲ್ಸ್ ಆದರೆ ಪ್ರತಿ ಸ್ಟ್ಯಾಂಡ್ ಕೆಳಗೆ ಒಂದಡಿ ಚೌಕದ, 18 ಮಿ.ಮೀ. ಪ್ಲೈವುಡ್ ಹಾಕಿ. ಇಲ್ಲದಿದ್ದರೆ ಸ್ಟ್ಯಾಂಡಿನ ಕಾಲು ಟೈಲ್ ಸಂದಿಗೆ ಇಳಿದು ವಾಲುತ್ತದೆ, ಮಳೆ ಬಂದ ಮಾರನೇ ದಿನವಂತೂ ಇನ್ನೂ ಬೇಗ.

ಲಿಫ್ಟ್ ಗಾಡಿಯ ತಾಪತ್ರಯ ಏನೆಂದರೆ ಛಾಸಿಯೇ ಎತ್ತರ. ಕಾರಿಗೆ ಸಾಕಾಗುವ ಟ್ರಾಲಿ ಜಾಕ್ ಇಲ್ಲಿ ಪೂರ್ತಿ ಎದ್ದರೂ ಚಕ್ರ ನೆಲ ಬಿಡುವುದಿಲ್ಲ. ಆಗ ಜನ ಮಾಡುವುದು ಸೈಜುಗಲ್ಲು, ಹಾಲೋ ಬ್ಲಾಕ್ ಪೇರಿಸುವ ಕೆಲಸ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. 3 ಟನ್ ಜಾಕ್ ಕೆಳಗೆ ಅಗಲವಾದ ಗಟ್ಟಿಮರದ ದಿಮ್ಮಿ ಒಂದೇ ತುಂಡಾಗಿ ಇಡಿ, ಸ್ಟ್ಯಾಂಡ್ ಮಾತ್ರ 6 ಟನ್ನಿನದೇ ತನ್ನಿ. 6 ಟನ್ ಭಾರ ಇದೆಯೆಂದಲ್ಲ, ಆ ಸ್ಟ್ಯಾಂಡ್ ಹೆಚ್ಚು ಎತ್ತರಕ್ಕೆ ಹೋಗುತ್ತದೆ, ಪಾದವೂ ಅಗಲ. ಸ್ಟ್ಯಾಂಡ್ ಕೂರಬೇಕಾದ್ದು ಛಾಸಿ ರೈಲ್ ಕೆಳಗೆ, ಕೆಳ ಆರ್ಮ್ ಕೆಳಗಲ್ಲ.

ಹಿಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಅಡ್ಡಗಟ್ಟೆ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್‌ನಲ್ಲಿ ಬಿಡಿ. ಫೋರ್ ವೀಲ್ ಲಿವರ್ ಟೂ-ಹೈನಲ್ಲಿ (2H, ಎರಡೇ ಚಕ್ರಕ್ಕೆ ಚಾಲನೆ) ಇರಲಿ. ಆ ಲಿವರ್ ನ್ಯೂಟ್ರಲ್‌ನಲ್ಲಿ ಉಳಿದಿದ್ದರೆ ಮುಖ್ಯ ಗೇರ್ ಹಾಕಿದ್ದರೂ, ಆಟೊಮ್ಯಾಟಿಕ್‌ನಲ್ಲಿ 'ಪಿ' ಇದ್ದರೂ ಗಾಡಿ ಉರುಳುತ್ತದೆ. ಇದು ಗೊತ್ತಿಲ್ಲದವರು ಬಹಳ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಫೆಂಡರ್ ಹಿಡಿದು ಜೋರಾಗಿ ತಳ್ಳಿ ನೋಡಿ. ಬೀಳುವುದಿದ್ದರೆ ನೀವು ಕೆಳಗೆ ಹೋಗುವ ಮುಂಚೆಯೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಛಾಸಿ ಕೆಳಗೆ ಮಲಗಿಸಿಡಿ.

ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ. ಒಂದೇ ಬದಿ ಎತ್ತಿದರೆ ಎಡಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ನಿಂತಿರುತ್ತದೆ, ಅದರ ತುದಿಯ ಲಿಂಕ್ ರಾಡ್ ನಟ್ ಬಿಚ್ಚಿದ ಕ್ಷಣ ಕೈಗೆ ಬಡಿಯುತ್ತದೆ. ಆದರೆ ಬಿಚ್ಚುವ ಕೆಲಸ ಒಂದು ಬದಿ ಮುಗಿದ ಮೇಲೆ ಇನ್ನೊಂದು. ಯಾವ ವಾಶರ್ ಎಲ್ಲಿತ್ತು ಎಂಬ ಗೊಂದಲ ಬಂದಾಗ ಪಕ್ಕದ ಬದಿ ನೋಡಿಕೊಳ್ಳಬಹುದು.

ಮೇಲಿನ ಆರ್ಮ್

1. ಚಕ್ರ ತೆಗೆದು, ಎರಡೂ ಬದಿಯ ಲಿಂಕ್ ರಾಡ್ ಬಿಚ್ಚಿ. ಕೆಳ ಆರ್ಮ್‌ನ ಹೊರ ತುದಿಗೆ ಜಾಕ್ ಕೊಟ್ಟು ತುಸು ಒತ್ತಡ ಬರುವಷ್ಟು ಮಾತ್ರ ಎತ್ತಿ. ಕೆಲಸ ಮುಗಿಯುವವರೆಗೆ ಈ ಜಾಕ್ ಅಲ್ಲೇ ಇರಬೇಕು.

2. ಆರ್ಮ್‌ಗೆ ಕಚ್ಚಿರುವ ಎಬಿಎಸ್ ವೈರಿನ ಕ್ಲಿಪ್, ಬ್ರೇಕ್ ಹೋಸ್ ಬ್ರಾಕೆಟ್ ಬಿಡಿಸಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ವಾಪಸ್ ಹಾಕುವಾಗ ವೈರ್ ಯಾವ ಬದಿಯಿಂದ ಹಾದುಹೋಗಿತ್ತು ಎಂಬುದೇ ಮರೆಯುವುದು.

3. ಈಗ ನಕಲ್ (ಹಬ್ ಮತ್ತು ಬ್ರೇಕ್ ಕೂತಿರುವ ಕಬ್ಬಿಣದ ಭಾಗ) ಅನ್ನು ಕಟ್ಟಿ. ಇದನ್ನು ಬಿಟ್ಟವರೇ ಹೆಚ್ಚು, ದಂಡ ತೆತ್ತವರೂ ಅವರೇ. ಮೇಲಿನ ಜಾಯಿಂಟ್ ಬಿಟ್ಟ ಕೂಡಲೇ ಹಬ್, ಡಿಸ್ಕ್, ಕ್ಯಾಲಿಪರ್ ಎಲ್ಲ ಸೇರಿದ ಭಾರ ಹೊರಕ್ಕೆ ವಾಲುತ್ತದೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಆ ಭಾರವನ್ನು ಹಿಡಿಯಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಎಳೆದುಕೊಂಡು ಬೂಟಿನ ಒಳಗೇ ಕಳಚಿಕೊಳ್ಳಬಹುದು. ಹೊರಗಿನಿಂದ ಏನೂ ಕಾಣದು, ಜೋಡಿಸಿದ ಮೇಲೆ ಗಾಡಿ ಚಲಿಸಿದಾಗಲೇ ಗೊತ್ತಾಗುವುದು. ನಕಲ್‌ನ ಮೇಲ್ತುದಿಗೆ ಹಗ್ಗ ಸುತ್ತಿ ಸ್ಪ್ರಿಂಗಿಗೆ ಬಿಗಿಯಾಗಿ ಕಟ್ಟಿ. ಅಂಗೈ ಅಗಲಕ್ಕಿಂತ ಹೆಚ್ಚು ಆಡಬಾರದು.

4. ಸ್ಪ್ಲಿಟ್ ಪಿನ್ ತೆಗೆದು, ಬಾಲ್ ಜಾಯಿಂಟಿನ ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಮೂರ್ನಾಲ್ಕು ಮರೆ ಉಳಿಸಿ. ಪುಲ್ಲರ್ ಹಾಕಿ ಬಿಗಿ ಮಾಡಿ, ನಕಲ್‌ನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ 'ಟಪ್' ಎಂದು ಬಿಡುತ್ತದೆ. ಬಿಟ್ಟಾಗ ಆ ನಟ್ ಇಲ್ಲದಿದ್ದರೆ ಆರ್ಮ್ ಮುಖಕ್ಕೆ ಬರುತ್ತದೆ. ಜಾಯಿಂಟ್ ಮತ್ತೆ ಬಳಸುವುದಿದ್ದರೆ ಕವಲು ಸನ್ನೆ ಹಾಕಬೇಡಿ, ಬೂಟ್ ಹರಿಯುತ್ತದೆ. ಅಡ್ಡ ಬೋಲ್ಟಿನಿಂದ ಹಿಸುಕಿ ಹಿಡಿಯುವ ಜಾತಿಯ ಜಾಯಿಂಟ್ ಆದರೆ ಆ ಬೋಲ್ಟನ್ನು ಪೂರ್ತಿ ಹೊರತೆಗೆಯಬೇಕು. ಕಡ್ಡಿಯ ಕತ್ತಿನಲ್ಲಿರುವ ಕಚ್ಚಿನಲ್ಲಿ ಅದು ಕೂತಿರುತ್ತದೆ, ಸಡಿಲಿಸಿದರಷ್ಟೇ ಬಾರದು.

5. ಛಾಸಿ ಕಡೆಯ ಬೋಲ್ಟ್. ಕೆಲವು ಗಾಡಿಗಳಲ್ಲಿ ಎರಡು ಚಿಕ್ಕವು, ಕೆಲವದರಲ್ಲಿ ಎರಡೂ ಬುಶ್ ಹಾದುಹೋಗುವ ಒಂದೇ ಉದ್ದನೆಯದು. ಉದ್ದನೆಯದಕ್ಕೆ ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದರೆ ಹೊರಬರಲು ಜಾಗ ಸಿಗುತ್ತದೆ. ತಲೆ ಮುಂದಕ್ಕಿತ್ತೇ ಹಿಂದಕ್ಕಿತ್ತೇ ಎಂದು ಗುರುತಿಟ್ಟು, ಶಿಮ್ (ತೆಳು ಬಿಲ್ಲೆ) ಇದ್ದರೆ ಯಾವುದು ಎಲ್ಲಿತ್ತೆಂದು ಬರೆದುಕೊಂಡು ತೆಗೆಯಿರಿ. ಬೆಂಗಳೂರಿನಲ್ಲೇ ಓಡಿದ ಗಾಡಿಗೆ ಇಲ್ಲಿ ತುಕ್ಕಿನ ಕಾಟ ಕಡಿಮೆ. ಮಲ್ಪೆ, ಕಾರವಾರದ ಮರಳಿನಲ್ಲಿ ಆಡಿಸಿ ತಂದದ್ದಾದರೆ ಬೋಲ್ಟು ಸ್ಲೀವಿಗೇ ಕಚ್ಚಿರುತ್ತದೆ. ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಬಿಟ್ಟು, ಬಿಚ್ಚುವಾಗ ಒಮ್ಮೆ ಬಿಗಿ ಕಡೆಗೆ, ಒಮ್ಮೆ ಸಡಿಲ ಕಡೆಗೆ ಆಡಿಸಿ.

6. ಹಳೆಯದನ್ನು ಹೊಸದರ ಪಕ್ಕ ನೆಲದ ಮೇಲಿಟ್ಟು ಹೋಲಿಸಿ: ಬುಶ್ ನಡುವಿನ ಅಂತರ, ಸ್ಲೀವಿನ ಉದ್ದ, ಬಾಲ್ ಜಾಯಿಂಟ್ ಕಡ್ಡಿಯ ದಪ್ಪ ಮತ್ತು ಓರೆ, ಎಡ-ಬಲ ಗುರುತು. ಎಡಬಲ ಅದಲುಬದಲಾದರೂ ಬೋಲ್ಟು ಹೊಕ್ಕುತ್ತದೆ. ಆಗ ಕ್ಯಾಸ್ಟರ್ ಉಲ್ಟಾ ಹೋಗುತ್ತದೆ.

7. ನಕಲ್‌ನ ಓರೆ ತೂತನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಗ್ರೀಸ್, ಎಣ್ಣೆ ಏನೂ ಬೇಡ. ಆ ಓರೆ ಜೋಡಣೆ ಹಿಡಿಯುವುದೇ ಒಣ ಉಜ್ಜುವಿಕೆಯಿಂದ. ಆರ್ಮ್‌ನ ಬೋಲ್ಟುಗಳನ್ನು ಕೈಬಿಗಿಗಿಂತ ಸ್ವಲ್ಪ ಹೆಚ್ಚು, ಸ್ಲೀವ್ ತಿರುಗಲು ಆಗುವಷ್ಟು ಮಾತ್ರ ಬಿಗಿದು, ಬಾಲ್ ಜಾಯಿಂಟಿನ ನಟ್‌ಗೆ ಈಗಲೇ ಪೂರ್ತಿ ಟಾರ್ಕ್ ಕೊಡಿ. ಇದರಲ್ಲಿ ತಿರುಚಿಕೊಳ್ಳುವ ರಬ್ಬರ್ ಇಲ್ಲವಾದ್ದರಿಂದ ಎತ್ತರದ ಲೆಕ್ಕ ಇದಕ್ಕಿಲ್ಲ. ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಮುಂದಿನ ಸಂದಿಗೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ. ನಟ್ ಜತೆ ಕಡ್ಡಿಯೂ ತಿರುಗುತ್ತಿದ್ದರೆ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿದು ಓರೆ ಕಚ್ಚುವಂತೆ ಮಾಡಿ.

ಪಾಲಿಯುರೆಥೇನ್ ಬುಶ್ ಇರುವ ಆರ್ಮ್‌ಗೆ ಈ ಎತ್ತರದ ಶಿಸ್ತು ಅಷ್ಟು ಬಾಧಿಸದು, ಏಕೆಂದರೆ ಅಲ್ಲಿ ಸ್ಲೀವ್ ಬುಶ್ ಒಳಗೆ ಜಾರುತ್ತದೆ. ಅದಕ್ಕೆ ಕಿಟ್ ಜತೆ ಬರುವ ಸಿಲಿಕಾನ್ ಗ್ರೀಸ್ ಬೇಕು. ಒಣಗಿದರೆ 'ಕೀಂ' ಎನ್ನುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ಹಚ್ಚುವ ತಾಳ್ಮೆ ಇದ್ದವರಿಗೆ ಸರಿ. ಮನೆ ಮಂದಿಯನ್ನು ಕೂರಿಸಿಕೊಂಡು ಓಡಿಸುವ ಗಾಡಿಗೆ ರಬ್ಬರೇ ಲೇಸು.

8. ಚಕ್ರ ಹಾಕುವ ಮುಂಚೆ ತಾಗುವಿಕೆ ನೋಡಿ. ಅಡುಗೆಮನೆಯಿಂದ ಒಂದು ಉಂಡೆ ಚಪಾತಿ ಹಿಟ್ಟು ತಂದು, ಆರ್ಮ್ ಮತ್ತು ಸ್ಪ್ರಿಂಗ್ ಅತಿ ಹತ್ತಿರ ಬರುವ ಜಾಗದಲ್ಲಿ ಅಂಟಿಸಿ. ಜಾಕ್ ನಿಧಾನ ಇಳಿಸಿ ಚಕ್ರದ ಭಾಗ ಪೂರ್ತಿ ಕೆಳಕ್ಕೆ ಹೋಗಲಿ, ಮತ್ತೆ ಎತ್ತಿ. ಹಿಟ್ಟು ಎಷ್ಟು ತೆಳ್ಳಗಾಯಿತೋ ಅಷ್ಟೇ ಅಲ್ಲಿ ಉಳಿದ ಜಾಗ, 5–6 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಲ್ಲುದಾರಿಯಲ್ಲಿ ತಾಗುವುದು ಖಂಡಿತ. ಅದೇ ಹೊತ್ತಿಗೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಳ್ಳುತ್ತದೆಯೇ ಎಂದೂ ನೋಡಿ.

ಕೆಳ ಆರ್ಮ್

ಕ್ರಮ ಹೆಚ್ಚೂಕಡಿಮೆ ಅದೇ, ಭಾರ ಜಾಸ್ತಿ. ಫಾರ್ಚೂನರ್‌ನಂಥ ಗಾಡಿಗಳಲ್ಲಿ ಛಾಸಿ ಕಡೆಯ ಬೋಲ್ಟಿಗೆ ಕ್ಯಾಮ್ ವಾಶರ್ ಇರುತ್ತದೆ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಕ್ಯಾಸ್ಟರ್ ಹೊಂದಿಸುವುದು ಅದರಿಂದಲೇ. ಬಿಚ್ಚುವ ಮೊದಲು ಕ್ಯಾಮ್ ಮತ್ತು ಬ್ರಾಕೆಟ್ ಎರಡಕ್ಕೂ ಹಾಯುವಂತೆ ಚೂಪು ಮೊಳೆಯಿಂದ ಗೀರಿ, ಮೇಲೆ ಪೇಂಟ್ ಹಚ್ಚಿ. ಆಗ ಅಲೈನ್‌ಮೆಂಟ್ ಅಂಗಡಿಯವರೆಗಾದರೂ ಗಾಡಿ ನೇರ ಹೋಗುತ್ತದೆ. ಮೊದಲು ಲಿಂಕ್ ರಾಡ್, ಆಮೇಲೆ ಶಾಕ್‌ನ ಕೆಳ ಬೋಲ್ಟ್, ಆಮೇಲೆ ಬಾಲ್ ಜಾಯಿಂಟ್, ಕೊನೆಗೆ ಛಾಸಿ ಬೋಲ್ಟುಗಳು. ಶಾಕ್ ಬೋಲ್ಟ್ ಬಂದ ಕೂಡಲೇ ಆರ್ಮ್ ಹಿಡಿತವಿಲ್ಲದೆ ಇಳಿಯುತ್ತದೆ, ಜಾಕ್ ಅಡಿಯಲ್ಲಿರಲಿ.

ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಾಗಿರುವ ಗಾಡಿಯಲ್ಲಿ ಸ್ಪ್ರಿಂಗಿನ ಒತ್ತಡ ಆ ಜೋಡಣೆಯೊಳಗೇ ಬಂದಿಯಾಗಿರುತ್ತದೆ, ಆರ್ಮ್ ತೆಗೆದರೂ ಸಿಡಿಯದು. ಅದನ್ನು ಹಿಡಿದಿರುವುದು ಶಾಕ್ ತಲೆಯ ನಡುವಿನ ಒಂದೇ ನಟ್. ಅದನ್ನು ಗಾಡಿ ಮೇಲಿದ್ದಾಗ ಯಾವ ಕಾರಣಕ್ಕೂ ಮುಟ್ಟಬೇಡಿ. ಸ್ಪ್ರಿಂಗ್ ಬೇರೆಯಾಗಿ ಕೆಳ ಆರ್ಮ್ ಮೇಲೆ ಕೂತಿರುವ ಹಳೆಯ ವಿನ್ಯಾಸದ ಗಾಡಿ ನಿಮ್ಮದಾದರೆ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೇ ಹೋಗಿ. ಆ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೇ ಸಂಚಕಾರ.

ಕೊನೆಯ ಬಿಗಿ

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳುವುದು ಕೆಳ ಆರ್ಮ್‌ಗೆ ಜಾಕ್ ಕೊಟ್ಟು ಟೇಪಿನ ಅಂಕಿ ಬರುವವರೆಗೆ ಎತ್ತಿ ಬಿಗಿ ಮಾಡಿ ಎಂದು. ಲಿಫ್ಟಿನ ಗಟ್ಟಿ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಇದು ಅಪಾಯ. ಆ ಎತ್ತರ ಬರುವ ಮೊದಲೇ ಗಾಡಿ ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತದೆ, ಇಡೀ ಮೂಲೆ ಒಂದು ಜಾಕಿನ ಮೇಲೆ ನಿಲ್ಲುತ್ತದೆ. ಅದರ ಬದಲು ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ. ಇಳಿಸಿದ ಕೂಡಲೇ ಅಳೆದರೆ ಟೇಪಿನ ಅಂಕಿಗಿಂತ 20–30 ಮಿ.ಮೀ. ಎತ್ತರ ತೋರಿಸಬಹುದು, ಟೈರ್ ನೆಲವನ್ನು ಕಚ್ಚಿ ಹಿಡಿದು ಚಕ್ರಗಳನ್ನು ಹೊರಕ್ಕೆ ಸರಿಯಲು ಬಿಟ್ಟಿರುವುದಿಲ್ಲ. ಕೈಯಿಂದ ತಳ್ಳಿ ಮುಂದಕ್ಕೆ ಮೂರು ನಾಲ್ಕು ಮೀಟರ್, ಹಿಂದಕ್ಕೆ ಅಷ್ಟೇ ಉರುಳಿಸಿ, ಬಂಪರ್ ಕುಲುಕಿ, ಮತ್ತೆ ಅಳೆಯಿರಿ. ಟೇಪಿನ ಅಂಕಿಗೆ ಬಂದು ನಿಂತ ಮೇಲೆ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಛಾಸಿ ಕಡೆಯ ಎಲ್ಲ ಬೋಲ್ಟಿಗೂ ಟಾರ್ಕ್ ಕೊಡಿ. ಗಾಡಿ ಎತ್ತರವಿರುವುದರ ಒಂದೇ ಲಾಭ ಇಲ್ಲಿ: ಚಕ್ರದ ಮೇಲೆ ನಿಂತಿದ್ದರೂ ಕೆಳಗೆ ಮಲಗಿ ಕೈ ಆಡಿಸಲು ಜಾಗ ಇರುತ್ತದೆ. ಮೇಲಿನ ಆರ್ಮ್‌ಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಫೆಂಡರ್ ಒಳಗಿನಿಂದ ರೆಂಚ್ ತೂರಿಸಿ.

ಹೊಸ ಆರ್ಮ್ ಹಾಕಿದ ಮೇಲೆ ಎತ್ತರವೇ ಐದಾರು ಮಿ.ಮೀ. ಬದಲಾದರೆ ಗಾಬರಿ ಬೇಡ. ಹಳೆಯ ಬುಶ್‌ಗಳ ತಿರುಚು ಸ್ಪ್ರಿಂಗಿನಂತೆ ಕೆಲಸ ಮಾಡುತ್ತಿತ್ತು, ಅದು ಹೋಗಿದೆ. ಹೊಸ ಅಂಕಿಯನ್ನೇ ಬರೆದುಕೊಳ್ಳಿ. ಲಿಂಕ್ ರಾಡ್‌ಗಳನ್ನೂ ಈಗಲೇ ಹಾಕಿ. ಬಿಗಿ ಮುಗಿದ ಪ್ರತಿ ನಟ್ ಮೇಲೆ ಪೇಂಟ್ ಮಾರ್ಕರಿನಿಂದ ನಟ್‌ನಿಂದ ಬ್ರಾಕೆಟ್‌ವರೆಗೆ ಒಂದು ಗೆರೆ ಎಳೆಯಿರಿ. ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ, ಮುಂದಿನ ಸಲ ರೆಂಚ್ ಹಿಡಿಯುವ ಮೊದಲೇ ಗೊತ್ತಾಗುತ್ತದೆ.

ಜಿಮ್ನಿ ಇದ್ದವರಿಗೆ

ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್. ಮುಂದಿನ ಆಕ್ಸಲನ್ನು ಹಿಡಿಯುವುದು ಎರಡು ಉದ್ದನೆಯ ಆರ್ಮ್ ಮತ್ತು ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್. ಪ್ರತಿ ಆರ್ಮ್‌ಗೆ ಆಕ್ಸಲ್ ಕಡೆ ಎರಡು ಬುಶ್, ಛಾಸಿ ಕಡೆ ಒಂದು. ಎರಡೂ ಆರ್ಮ್ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ತಿರುಗಿ ಬೀಳುತ್ತದೆ, ಆಮೇಲೆ ತೂತು ಹೊಂದಿಸಲು ಅರ್ಧ ದಿನ ಬೇಕು. ಆಕ್ಸಲ್ ಕೆಳಗೆ ಜಾಕ್, ಛಾಸಿ ಕೆಳಗೆ ಸ್ಟ್ಯಾಂಡ್ ಇಟ್ಟು, ಒಂದು ಆರ್ಮ್ ಹಾಕಿ ಬೋಲ್ಟು ಕೂರಿಸಿದ ಮೇಲೆ ಇನ್ನೊಂದು. ಹಿಂದಿನ ಆಕ್ಸಲ್ ಕೆಲಸಕ್ಕೆ ಹಿಂಭಾಗ ಎತ್ತಿದಾಗ ಹ್ಯಾಂಡ್‌ಬ್ರೇಕ್ ಹಿಡಿದಿರುವುದು ಗಾಳಿಯಲ್ಲಿರುವ ಚಕ್ರಗಳನ್ನು. ಮುಂದಿನ ಚಕ್ರಕ್ಕೆ ಅಡ್ಡಗಟ್ಟೆ ಮರೆಯಬೇಡಿ.

ಲಿಫ್ಟ್ ಮಾಡಿದಾಗ ಆರ್ಮ್ ಜತೆ ಆಕ್ಸಲೂ ತಿರುಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಅದಕ್ಕೆ ತೂತು ನಡುವಿನಿಂದ ಸರಿದಿರುವ ಆಫ್‌ಸೆಟ್ ಬುಶ್, ಇಲ್ಲವೇ ಬಾಗು ಸರಿಪಡಿಸಿದ ಆರ್ಮ್. ಪ್ಯಾನ್‌ಹಾರ್ಡ್ ರಾಡ್ ಕೂಡ ಆಕ್ಸಲನ್ನು ತಾನು ಛಾಸಿಗೆ ಸೇರಿರುವ ಬದಿಗೆ ಎಳೆದುಕೊಳ್ಳುತ್ತದೆ. ಎರಡೂ ಫೆಂಡರ್ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ಟೈರಿನ ಅಂತರ ಅಳೆದರೆ ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಅದಕ್ಕೆ ಮದ್ದು. ಸ್ಟೀರಿಂಗ್ ನಡುಗುವ ದೂರಿಗೆ ಆರ್ಮ್ ಒಂದನ್ನೇ ದೂರಬೇಡಿ. ಟೈರ್ ಬ್ಯಾಲೆನ್ಸ್, ಪ್ಯಾನ್‌ಹಾರ್ಡ್ ಬುಶ್, ಕಿಂಗ್‌ಪಿನ್ (ಸ್ಟೀರಿಂಗ್ ಜತೆ ಚಕ್ರ ತಿರುಗುವ ಕೀಲು) ಬೇರಿಂಗ್ ಮೊದಲು ನೋಡಿ.

ಅಲೈನ್‌ಮೆಂಟ್ ಮತ್ತು ಆಮೇಲಿನ ತಪಾಸಣೆ

ಅಂಗಡಿಗೆ ಹೋಗುವ ಮುನ್ನ ಬಡಾವಣೆಯ ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿ ನೋಡಿ. ಎಳೆದರೆ, ಬಡಿದರೆ ವಾಪಸ್ ಬನ್ನಿ. ಅಲೈನ್‌ಮೆಂಟ್ ಅಂಗಡಿಯ ಕ್ಲ್ಯಾಂಪ್ ನಿಮ್ಮ ಟೈರ್ ಸೈಜಿಗೆ ಬರುತ್ತದೆಯೇ ಎಂದು ಫೋನಿನಲ್ಲೇ ಕೇಳಿ. ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಹೊಂದಿಸಿ ಕಳಿಸುವುದು ಇಲ್ಲಿ ಸಾಲದು: ಮೊದಲು ಕ್ಯಾಸ್ಟರ್, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಎಡಬಲ ಕ್ಯಾಸ್ಟರ್ ವ್ಯತ್ಯಾಸ ಅರ್ಧ ಡಿಗ್ರಿಯೊಳಗಿರಲಿ. ಪ್ರಿಂಟ್ ತೆಗೆಸಿಕೊಳ್ಳಿ. ಅವರು ಕ್ಯಾಮ್ ಬೋಲ್ಟ್ ಸಡಿಲಿಸಿ ಹೊಂದಿಸಿದರೆ ಮತ್ತೆ ಬಿಗಿ ಮಾಡುವಾಗ ಚಕ್ರ ರ‍್ಯಾಂಪ್ ಮೇಲೆ ಕೂತಿರಬೇಕು, ಬಿಗಿ ಟಾರ್ಕ್ ರೆಂಚಿನಲ್ಲೇ ಆಗಬೇಕು, ನಿಂತು ನೋಡಿ. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡರೆ ಸ್ಟೀರಿಂಗ್ ಕೋನದ ಸೆನ್ಸರ್ ಸ್ಕ್ಯಾನರಿನಿಂದ ರೀಸೆಟ್ ಮಾಡಿಸಿ. ಎತ್ತರ ಬದಲಾಗಿದ್ದರೆ ಹೆಡ್‌ಲೈಟನ್ನೂ ತಗ್ಗಿಸಿ, ಎದುರಿನಿಂದ ಬರುವವರ ಕಣ್ಣು ಕುಕ್ಕದಿರಲಿ.

ಕಾನೂನಿನ ಮಾತೂ ಇದೆ. ಹೋದ ಆರ್ಮ್‌ಗೆ ಅದೇ ಮಾದರಿಯ ಕಂಪನಿ ಆರ್ಮ್ ಹಾಕುವುದು ರಿಪೇರಿ. ಲಿಫ್ಟ್ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತದ ಕ್ಲೇಮಿನಲ್ಲೂ ವಿಮೆಯವರು ಇದನ್ನು ಎತ್ತಬಹುದು. ಬಿಲ್, ಪಾರ್ಟ್ ನಂಬರ್, ಅಲೈನ್‌ಮೆಂಟ್ ಪ್ರಿಂಟ್ ಜೋಪಾನವಾಗಿಡಿ.

ತೆಗೆದ ಹಳೆಯ ಆರ್ಮನ್ನು ಗುಜರಿಗೆ ಹಾಕುವ ಮೊದಲು ಬಾಲ್ ಜಾಯಿಂಟಿನ ಕಡ್ಡಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಪೇಂಟ್ ಬಳಿದುಕೊಂಡು 'ಸೆಕೆಂಡ್ಸ್' ಹೆಸರಿನಲ್ಲಿ ಇನ್ಯಾರದೋ ಗಾಡಿ ಸೇರುತ್ತದೆ.

100 ಕಿ.ಮೀ. ಓಡಿದ ಮೇಲೆ ಒಮ್ಮೆ, 1000 ಕಿ.ಮೀ.ಗೆ ಇನ್ನೊಮ್ಮೆ, ಚಕ್ರ ನೆಲದ ಮೇಲಿದ್ದಂತೆಯೇ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಹಾಕಿ ನೋಡಿ, ವೀಲ್ ನಟ್‌ಗಳಿಗೂ. ಅದಾದ ಮೇಲೆ ಪ್ರತಿ ಕಾಡುದಾರಿಯ ಓಡಾಟದ ನಂತರ ಗಾಡಿ ತೊಳೆದು, ಟಾರ್ಚ್ ಹಿಡಿದು ಬಿಳಿ ಗೆರೆಗಳನ್ನೂ ಬಾಲ್ ಜಾಯಿಂಟಿನ ಬೂಟ್‌ಗಳನ್ನೂ ನೋಡಿದರೆ ಸಾಕು. ಒಂದು ಬೋಲ್ಟಿನ ಗೆರೆ ಎರಡು ಸಲ ತುಂಡಾದರೆ ಮೂರನೇ ಸಲ ಬಿಗಿ ಮಾಡುತ್ತಾ ಕೂರಬೇಡಿ. ಆ ಬೋಲ್ಟು, ನಟ್ಟು ಹೊಸದು ಹಾಕಿ, ಬ್ರಾಕೆಟ್ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆಯೇ ಎಂದು ಬಿಚ್ಚಿ ನೋಡಿ.